ಅಡಿಕೆ ರೇಟಿನ ಹಿಂದಿರೋ ಸಾಫ್ಟಾ ಕಥೆ

ಚನ್ನಗಿರಿಲಾಗ್ಲಿ ಭೀಮಸಮುದ್ರದಲ್ಲಾಗ್ಲಿ ರಾಶಿ ಅಡಿಕೆ ರೇಟು ಸ್ವಲ್ಪ ಬಿದ್ರೆ ಸಾಕು, "ಹೊರಗಿನ ಮಾಲು ಬಂದಿರ್ಬೇಕು" ಅಂತ ಮಂಡಿ ತುಂಬಾ ಅದೇ ಮಾತು. ಆದ್ರೆ ಆ ಮಾಲು ಯಾವ ಕಾನೂನು ಹಿಡ್ಕೊಂಡು ಒಳಗೆ ಬರುತ್ತೆ ಅಂತ ಬಿಡಿಸಿ ಹೇಳೋರು ಕಡಿಮೆ.

1985ರಲ್ಲಿ ಢಾಕಾದಲ್ಲಿ ದಕ್ಷಿಣ ಏಷ್ಯಾದ ಏಳು ದೇಶ ಸೇರಿ ಸಾರ್ಕ್ ಅನ್ನೋ ಸಂಘಟನೆ ಕಟ್ಟಿದ್ರು. ಎಲ್ರೂ ಒಪ್ಪಿದ್ರೆ ಮಾತ್ರ ತೀರ್ಮಾನ, ಇಬ್ಬರ ನಡುವಿನ ಜಗಳದ ವಿಷಯ ಎತ್ತೋ ಹಾಗೇ ಇಲ್ಲ ಅಂತ ಚಾರ್ಟರಲ್ಲೇ ಬರೆದಿದಾರೆ. 1993ರಲ್ಲಿ ಈ ದೇಶಗಳ ನಡುವೆ ಆಯ್ದ ಮಾಲಿಗೆ ಸುಂಕ ಕಮ್ಮಿ ಮಾಡೋ ಸಾಪ್ಟಾ ಒಪ್ಪಂದ ಆಯ್ತು, 2004ರ ಜನವರಿಲಿ ಇಸ್ಲಾಮಾಬಾದ್‌ನಲ್ಲಿ ಇವರದೇ ಮುಕ್ತ ವ್ಯಾಪಾರ ಒಪ್ಪಂದ ಸಾಫ್ಟಾಗೆ ಸಹಿ ಬಿತ್ತು, 2006ರ ಜನವರಿ 1ರಿಂದ ಜಾರಿ.

ಇದರ ರಚನೆ ಹೇಗಿದೆ ಅನ್ನೋದೇ ಮುಖ್ಯ. ಯುರೋಪಿನ ಒಕ್ಕೂಟದಲ್ಲಿ ಹೊರಗಿನವರಿಗೆ ಎಲ್ಲಾ ದೇಶದ್ದೂ ಒಂದೇ ಸುಂಕ, ಸಾಫ್ಟಾದಲ್ಲಿ ಹಂಗಲ್ಲ, ಹೊರಗಿನ ಸುಂಕ ಪ್ರತಿ ದೇಶಕ್ಕೂ ಬೇರೆ ಬೇರೆ, ಹಂಗಾಗಿ ಸುಂಕ ಕಮ್ಮಿ ಇರೋ ದೇಶದಲ್ಲಿ ಮಾಲು ಇಳಿಸಿ ಅಲ್ಲಿಂದ ನಮ್ಮಲ್ಲಿಗೆ ತಳ್ಳೋ ಆಸೆ ಯಾವತ್ತೂ ಇದ್ದಿದ್ದೇ. ಒಪ್ಪಂದ ಇಲ್ಲದ ದೇಶದಿಂದ ಅಡಿಕೆ ತಂದ್ರೆ ಮೂಲ ಸುಂಕ 100%. 2011ರ ನವೆಂಬರಲ್ಲಿ ನಮ್ಮ ದೇಶ ಸಾಫ್ಟಾದ ಬಡ ದೇಶಗಳಿಗೆ ಇಟ್ಟಿದ್ದ ಸೂಕ್ಷ್ಮ ಪಟ್ಟಿನ, ಅಂದ್ರೆ ಸುಂಕದ ರಿಯಾಯಿತಿ ಕೊಡದ ಮಾಲಿನ ಪಟ್ಟಿನ, 480ರಿಂದ 25 ಐಟಂಗೆ ಇಳಿಸ್ತು, ಉಳಿದಿದ್ದು ಹೆಚ್ಚಾಗಿ ಮದ್ಯ, ತಂಬಾಕು. ಅಡಿಕೆಗೆ ಆ ರಕ್ಷಣೆ ಹೋಯ್ತು. ಶ್ರೀಲಂಕಾ ಜೊತೆಗಂತೂ 1998ರಲ್ಲೇ ಸಹಿ ಆದ ಬೇರೆ ಮುಕ್ತ ವ್ಯಾಪಾರ ಒಪ್ಪಂದ ಇದೆ.

ಇನ್ನು ಕಾವಲಿಗೆ ಇರೋದು ಒಂದು ಹಾಳೆ, ಮೂಲ ಪ್ರಮಾಣಪತ್ರ. ಅಡಿಕೆ ಆ ದೇಶದಲ್ಲೇ ಬೆಳೆದಿದ್ದು ಅಂತ ರಫ್ತು ಮಾಡೋ ದೇಶದ ಅಧಿಕಾರಿ ಸೀಲ್ ಹೊಡೆದು ಕೊಡೋ ಪತ್ರ ಅದು. ಆ ಹಾಳೆ ಇಟ್ಕೊಂಡೇ ಇಂಡೋನೇಷ್ಯಾ ಅಡಿಕೆನ ನೆರೆದೇಶದ್ದು ಅಂತ ತೋರಿಸಿ ತಂದ ಕೇಸುಗಳು ಸಿಕ್ಕಿಬಿದ್ದಿವೆ. 2020ರ ಸೆಪ್ಟೆಂಬರ್ 21ರಿಂದ ಕೇಂದ್ರ ಹೊಸ ನಿಯಮ ತಂತು, ಈಗ ಬರೀ ಪತ್ರ ಸಾಲಲ್ಲ, ಮಾಲು ಎಲ್ಲಿಂದ ಬಂತು ಅನ್ನೋ ಮಾಹಿತಿನ ಆಮದುದಾರನೇ ಇಟ್ಕೋಬೇಕು, ಐದು ವರ್ಷ ದಾಖಲೆ ಕಾಪಾಡ್ಬೇಕು. 2023ರಲ್ಲಿ ಕನಿಷ್ಠ ಆಮದು ಬೆಲೆನೂ, ಅಂದ್ರೆ ಅದಕ್ಕಿಂತ ಕಮ್ಮಿ ರೇಟಿಗೆ ಅಡಿಕೆ ತರೋ ಹಾಗಿಲ್ಲ ಅನ್ನೋ ಮಿತಿನೂ, ಕೆಜಿಗೆ 251ರಿಂದ 351 ರೂಪಾಯಿಗೆ ಏರಿತು. ಒಳ್ಳೆ ಕೆಲಸಗಳೇ, ಆದ್ರೆ ಬಿಲ್‌ನಲ್ಲಿ ರೇಟು ಜಾಸ್ತಿ ತೋರಿಸೋರಿಗೆ ಆ ಬೆಲೆ ದೊಡ್ಡ ಅಡ್ಡಿ ಅಲ್ಲ ಅಂತ ನನ್ನ ಅಭಿಪ್ರಾಯ.

ನನಗೆ ಹೆಚ್ಚು ಸಂಕಟ ಆಗೋದು ಅಧಿಕಾರದ ವಿಷಯದಲ್ಲಿ. ಸಂವಿಧಾನದಲ್ಲಿ ಕೃಷಿ ರಾಜ್ಯ ಪಟ್ಟಿಲಿದೆ, ಆದ್ರೆ ವಿದೇಶಿ ಒಪ್ಪಂದ, ವಿದೇಶಿ ವ್ಯಾಪಾರ ಎರಡೂ ಕೇಂದ್ರ ಪಟ್ಟಿಲಿ, ಮೇಲೆ 253ನೇ ವಿಧಿ ಪ್ರಕಾರ ಒಪ್ಪಂದ ಜಾರಿಗೆ ಸಂಸತ್ತು ಯಾವ ವಿಷಯದ ಮೇಲಾದ್ರೂ ಕಾನೂನು ಮಾಡ್ಬಹುದು. ಬೇಸಿಗೇಲಿ ಟ್ಯಾಂಕರ್ ನೀರು ಹೊಡೆಸಿ ತೋಟ ಉಳಿಸ್ಕೊಳ್ಳೋ ಹೊಳಲ್ಕೆರೆ ರೈತನ ಪರವಾಗಿ ನಮ್ಮ ವಿಧಾನಸಭೆ ಮಾಡೋಕಾಗೋದು ನಿರ್ಣಯ ಮಾಡಿ ಪತ್ರ ಬರೆಯೋದಷ್ಟೇ. 2016ರ ಅಕ್ಟೋಬರಲ್ಲಿ ಬೆಲ್ಜಿಯಂನ ವಲೋನಿಯಾ ಅನ್ನೋ ಒಂದು ಪ್ರಾಂತ್ಯ ಒಪ್ಪದೆ ಇದ್ದಿದ್ದಕ್ಕೆ ಕೆನಡಾ ಜೊತೆಗಿನ ಇಡೀ ಯುರೋಪಿನ ಒಪ್ಪಂದ ಕೆಲವು ದಿನ ನಿಂತೇ ಹೋಗಿತ್ತು, ಅವರ ರೈತರ ವಿಷಯಕ್ಕೆ ಸ್ಪಷ್ಟನೆ ಬರೆಸಿಕೊಂಡ ಮೇಲೇನೇ ಸಹಿ ಆಗಿದ್ದು. ಅಲ್ಲೂ ಎಲ್ಲದಕ್ಕೂ ಆ ಹಕ್ಕಿಲ್ಲ ಬಿಡಿ, ಬರೀ ಸುಂಕದ ವಿಷಯ ಆದ್ರೆ ಒಕ್ಕೂಟವೇ ತೀರ್ಮಾನ ಮಾಡುತ್ತೆ ಅಂತ 2017ರಲ್ಲಿ ಅವರ ಕೋರ್ಟು ಸಿಂಗಾಪುರ ಒಪ್ಪಂದದಲ್ಲಿ ಹೇಳ್ತು. ಆದ್ರೂ ಕೇಳಿಸ್ಕೊಳ್ಳೋ ಒಂದು ಜಾಗ ಅಂತ ಇತ್ತು.

ಹಂಗಾಗಿ ಮುಂದಿನ ಸಲ ಎಂಪಿ ಸಿಕ್ಕಾಗ ಕನಿಷ್ಠ ಬೆಲೆ ಏರಿಸಿ ಅಂತ ಮಾತ್ರ ಕೇಳಿ ಸುಮ್ನಾಗ್ಬೇಡಿ, ಸೂಕ್ಷ್ಮ ಪಟ್ಟಿಗೆ ಅಡಿಕೆ ವಾಪಸ್ ಸೇರಿಸೋ ಮಾತು ಸಂಸತ್ತಲ್ಲಿ ಎತ್ತಿದೀರಾ ಅಂತ ಕೇಳಿ.