ಧ್ರುವಪ್ರಭೆಗೆ ಒಂದು ಗಂಟೆಯ ಮುನ್ಸೂಚನೆ

ಸ್ವೀಡನ್ನಿನ ಅಬಿಸ್ಕೊದಲ್ಲಿ ಧ್ರುವಪ್ರಭೆಗಾಗಿ, ಅಂದರೆ ಧ್ರುವಗಳ ಬಳಿ ರಾತ್ರಿಯಾಕಾಶದಲ್ಲಿ ಕುಣಿಯುವ ಬಣ್ಣದ ಬೆಳಕಿಗಾಗಿ, ಹಿಮದ ಮೇಲೆ ಕಾಲು ಕುಟ್ಟುತ್ತಾ ನಿಂತವರನ್ನು ಗಮನಿಸಿ. ಹೊಸಬರು ಆಕಾಶ ನೋಡುತ್ತಿರುತ್ತಾರೆ, ಪಳಗಿದವರು ಮೊಬೈಲ್ ನೋಡುತ್ತಿರುತ್ತಾರೆ. ಅವರ ಕಣ್ಣು ಒಂದೇ ಗೆರೆಯ ಮೇಲೆ. ಅದು ಸೊನ್ನೆಯಿಂದ ಕೆಳಗಿಳಿದು ಮೈನಸ್ ಹತ್ತರ ಹತ್ತಿರ ಹೋಗಿ ಅಲ್ಲೇ ಕೂತರೆ, ಟ್ರೈಪಾಡ್ ಬಿಡಿಸಲು ಶುರು.

ಆ ಗೆರೆಯ ಹೆಸರು ಬಿ-ಜೆಡ್. ಸೂರ್ಯನಿಂದ ಹೊರಟ ವಿದ್ಯುದಾವೇಶದ ಕಣಗಳ ಹರಿವಾದ ಸೌರಮಾರುತ ತನ್ನೊಂದಿಗೆ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಆ ಕ್ಷೇತ್ರ ಉತ್ತರಕ್ಕೆ ಮುಖ ಮಾಡಿದ್ದರೆ ಭೂಮಿಯ ಕಾಂತಕವಚ ಅದನ್ನು ಬಹುಮಟ್ಟಿಗೆ ಪಕ್ಕಕ್ಕೆ ಸರಿಸುತ್ತದೆ. ದಕ್ಷಿಣಕ್ಕೆ ತಿರುಗಿದ್ದರೆ, ಅಂದರೆ ಬಿ-ಜೆಡ್ ಸೊನ್ನೆಯ ಕೆಳಗಿದ್ದರೆ, ಎರಡೂ ಕ್ಷೇತ್ರಗಳು ಬೆಸೆದುಕೊಂಡು ಬಾಗಿಲು ತೆರೆಯುತ್ತದೆ, ಶಕ್ತಿ ಒಳಗೆ ನುಗ್ಗುತ್ತದೆ. ಸೂರ್ಯನಲ್ಲಿ ಸ್ಫೋಟವಾದದ್ದು ದೂರದರ್ಶಕಕ್ಕೆ ಆಗಲೇ ಕಾಣುತ್ತದೆ, ಅದರಿಂದ ಸಿಡಿದ ಕಣಗಳ ಮೋಡ ಇಲ್ಲಿಗೆ ಮುಟ್ಟಲು ಸಾಮಾನ್ಯವಾಗಿ 1ರಿಂದ 3 ದಿನ. ಆದರೆ ಅದರ ಕಾಂತಕ್ಷೇತ್ರ ಯಾವ ಕಡೆ ಮುಖ ಮಾಡಿದೆ ಎಂಬುದು ದೂರದಿಂದ ತಿಳಿಯುವುದಿಲ್ಲ. 'ನಾಡಿದ್ದು ಭರ್ಜರಿ ಧ್ರುವಪ್ರಭೆ' ಎಂಬ ಸುದ್ದಿ ಆಗಾಗ ಠುಸ್ಸಾಗುವುದು ಇಲ್ಲೇ.

ಮೋಡವನ್ನು ಮುಟ್ಟಿ ನೋಡಬೇಕೆಂದರೆ ಅದರ ದಾರಿಯಲ್ಲೇ ಕಾಯಬೇಕು. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಎಲ್-1 ಎಂಬ ಬಿಂದುವಿನ ಸುತ್ತ, 1997ರಲ್ಲಿ ಹಾರಿದ ಏಸ್, 2015ರಲ್ಲಿ ಹಾರಿದ ಡಿಸ್ಕವರ್‌ನಂಥ ನೌಕೆಗಳು ಹೀಗೆ ಕಾದವು. ಅಲ್ಲಿಂದ ರೇಡಿಯೊ ಸಂಕೇತ ನಮಗೆ ತಲುಪಲು 5 ಸೆಕೆಂಡು ಸಾಕು. ಸೆಕೆಂಡಿಗೆ 400 ಕಿಲೋಮೀಟರ್ ಓಡುವ ಸೌರಮಾರುತಕ್ಕೆ ಒಂದು ಗಂಟೆ ಮೇಲೆ ಎರಡು ನಿಮಿಷ ಬೇಕು. 800ರ ವೇಗವಾದರೆ ಅರ್ಧ ಗಂಟೆ. ಈ ಅಂತರದಲ್ಲೇ ನಂಬಬಹುದಾದ ಮುನ್ಸೂಚನೆ ಬದುಕಿರುವುದು.

ಪ್ರವಾಸಿಗರು ಕೇಳುವುದು ಮಾತ್ರ 'ಕೆ-ಪಿ ಎಷ್ಟು?' ಎಂದು. 0ಯಿಂದ 9ರವರೆಗಿನ ಈ ಅಂಕ ಇಡೀ ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿತೆಂಬ ಮೂರು ಗಂಟೆಗಳ ಲೆಕ್ಕ. ಧ್ರುವಪ್ರಭೆಯೋ ಹತ್ತು ನಿಮಿಷ ಕುಣಿದು ಮಾಯವಾಗಬಲ್ಲದು. ನನ್ನ ಮಟ್ಟಿಗೆ ಕೆ-ಪಿ ಊಟದ ಬಿಲ್ಲಿನ ಹಾಗೆ, ಬಡಿಸುತ್ತಿರುವುದೇನೆಂದು ಅದು ಹೇಳುವುದಿಲ್ಲ. ಅದಕ್ಕೆ ಹತ್ತಿರದಲ್ಲಿ ನೆಲದ ಮೇಲಿರುವ ಮ್ಯಾಗ್ನೆಟೋಮೀಟರ್, ಅಂದರೆ ಕಾಂತಕ್ಷೇತ್ರ ಅಳೆಯುವ ಉಪಕರಣ ನೋಡಬೇಕು. ಒಳನುಗ್ಗಿದ ಶಕ್ತಿ ಮೊದಲು ಭೂಮಿಯ ರಾತ್ರಿ ಬದಿಯ ಕಾಂತಬಾಲದಲ್ಲಿ ಕೂಡುತ್ತದೆ, ಆಮೇಲೆ ಒಮ್ಮೆಲೇ ಸಿಡಿಯುತ್ತದೆ. ಆಗ ಸ್ವೀಡನ್ನಿನ ಕಿರುನಾ ಪಟ್ಟಣದ ಮ್ಯಾಗ್ನೆಟೋಮೀಟರ್ ಗೆರೆ ದಡಕ್ಕನೆ ಕುಸಿದರೆ ತಲೆ ಎತ್ತಿ, ಹಸಿರು ಅಲ್ಲೇ ಇರುತ್ತದೆ. ಆಕಾಶಕ್ಕೆ ಮಳೆಮೋಡ ಮುಸುಕಿರದಿದ್ದರೆ!

2024ರ ಮೇ 10ರ ರಾತ್ರಿ ಬಿ-ಜೆಡ್ ತಾಸುಗಟ್ಟಲೆ ದಕ್ಷಿಣಕ್ಕೇ ವಾಲಿತ್ತು. ಲಡಾಖ್‌ನ ಹಾನ್ಲೆ ವೀಕ್ಷಣಾಲಯದ ಕ್ಯಾಮೆರಾಗಳಲ್ಲೂ ಉತ್ತರದ ಅಂಚು ಕೆಂಪಗೆ ಮೂಡಿತು. 200 ಕಿಲೋಮೀಟರಿಗೂ ಮೇಲೆ ಆಮ್ಲಜನಕ ಸೂಸುವ ಬಣ್ಣ ಅದು. ಹಾನ್ಲೆಯ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕ್ಯಾಂಪಸ್ಸಿನಿಂದ. ಆ ಹೊತ್ತಿಗೆ ಎಲ್-1ರಲ್ಲಿ ನಾಲ್ಕು ತಿಂಗಳು ಕಳೆದಿದ್ದ ಇಸ್ರೊದ ಆದಿತ್ಯ ನೌಕೆಯ ಕರೋನಾದರ್ಶಕ, ಅಂದರೆ ಸೂರ್ಯನ ಹೊರ ವಾತಾವರಣ ನೋಡುವ ಉಪಕರಣ, ಜೋಡಣೆಗೊಂಡದ್ದೂ ಅದೇ ಕ್ಯಾಂಪಸ್ಸಿನಲ್ಲಿ.