ಶಾಲೆ ಗಂಟೆ ಹೊಡೆಯೋದು ಬಸ್ಸೇ

ಬೆಳಿಗ್ಗೆ 6:40. ಬನಶಂಕರಿಯ ನಮ್ಮ ಬೀದಿ ತುದಿಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಕಾಂಪೌಂಡಿಗೆ ಒರಗಿ ತೂಕಡಿಸುತ್ತಿರುತ್ತಾನೆ. ಒಂದು ಶೂಗೆ ಲೇಸ್ ಕಟ್ಟಿರುತ್ತದೆ, ಇನ್ನೊಂದಕ್ಕಿಲ್ಲ. ಅವರಮ್ಮ ಓಡಿ ಬಂದು ಡಬ್ಬಿ ಕೊಡುತ್ತಾರೆ. “ರಾತ್ರಿ ಬೇಗ ಮಲಗು ಅಂದ್ರೆ ಕೇಳಲ್ಲ” ಅಂತ ದಿನಾ ಅದೇ ಬೈಗುಳ.

ತಪ್ಪೆಲ್ಲ ಮೊಬೈಲಿನದ್ದಲ್ಲ. ಈ ವಯಸ್ಸಿಗೆ ದೇಹದ ಗಡಿಯಾರವೇ ನಿಧಾನ. ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ, ಬೆಳಿಗ್ಗೆ ತಡವಾಗಿ ಇಳಿಯುತ್ತದೆ. ಅಮೆರಿಕದ ಸಂಶೋಧಕಿ ಮೇರಿ ಕಾರ್ಸ್ಕಡನ್ ಇದನ್ನು ದಶಕಗಳ ಹಿಂದೆಯೇ ತೋರಿಸಿದ್ದರು. ಬೇಕಾಗಿರುವುದು 8ರಿಂದ 10 ಗಂಟೆ ನಿದ್ದೆ. ಹನ್ನೊಂದಕ್ಕೆ ಮಲಗಿ ಆರಕ್ಕೆ ಎದ್ದರೆ ಸಿಗೋದು ಏಳೇ, ಅಲ್ವಾ?

ಅಮೆರಿಕದ ಎಷ್ಟೋ ಹೈಸ್ಕೂಲುಗಳು ಏಳು ಗಂಟೆ ಆಸುಪಾಸಿಗೇ ಶುರುವಾಗುತ್ತಿದ್ದವು. ಓದಿಗಾಗಿ ಅಲ್ಲ, ಬಸ್ಸಿಗಾಗಿ. ದೊಡ್ಡ ಮಕ್ಕಳನ್ನು ಬಿಟ್ಟು ಬಂದ ಬಸ್ಸೇ ಚಿಕ್ಕವರನ್ನೂ ಕರೆದೊಯ್ದರೆ ಖರ್ಚು ಉಳಿಯುತ್ತಿತ್ತು. 1997ರಲ್ಲಿ ಮಿನಿಯಾಪೊಲಿಸ್ ನಗರ ತನ್ನ ಹೈಸ್ಕೂಲುಗಳ ಸಮಯವನ್ನು 7:15ರಿಂದ 8:40ಕ್ಕೆ ತಳ್ಳಿತು. ಹಾಗೆ ಮಾಡಿದರೆ ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ ಅಷ್ಟೆ ಅನ್ನುವ ಅನುಮಾನ ಇದ್ದೇ ಇತ್ತು. 2016ರಲ್ಲಿ ಸಿಯಾಟಲ್ ನಗರ 7:50ನ್ನು 8:45 ಮಾಡಿದಾಗ ಮಕ್ಕಳ ಮಣಿಕಟ್ಟಿಗೆ ಉಪಕರಣ ಕಟ್ಟಿ ಅಳೆದೇ ಬಿಟ್ಟರು. ಸಿಕ್ಕಿದ್ದು ದಿನಕ್ಕೆ ಸುಮಾರು 34 ನಿಮಿಷ ಜಾಸ್ತಿ ನಿದ್ದೆ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲು 8:30ಕ್ಕೆ ಮುಂಚೆ ಶುರುವಾಗುವಂತಿಲ್ಲ. ಫ್ಲೋರಿಡಾ 2023ರಲ್ಲಿ ಇಂಥದ್ದೇ ಕಾನೂನು ತಂದಿತು. ಬಸ್ಸು, ಖರ್ಚು ಅಂತ ತಕರಾರು ಬಂದು 2025ರಲ್ಲಿ ವಾಪಸ್ ತೆಗೆದುಕೊಂಡಿತು.

ನಮ್ಮೂರಿನ ಕಥೆ ಉಲ್ಟಾ. 2023ರಲ್ಲಿ ಶಾಲೆ ಸಮಯ ಬದಲಿಸುವ ಮಾತು ಬೆಂಗಳೂರಿನಲ್ಲೂ ಬಂತು. ಆದರೆ ಅದು ಹುಟ್ಟಿದ್ದು ಹೈಕೋರ್ಟಿನಲ್ಲಿದ್ದ ಟ್ರಾಫಿಕ್ ಕೇಸಿನಿಂದ. ಶಿಕ್ಷಣ ಇಲಾಖೆ ಸಭೆ ಕರೆಯಿತು. ಶಾಲೆ ಇನ್ನೂ ಬೇಗ ಶುರುವಾದರೆ ಮಕ್ಕಳನ್ನು ಎಷ್ಟು ಗಂಟೆಗೆ ಎಬ್ಬಿಸೋದು ಅನ್ನೋದು ವಿರೋಧಿಸಿದವರ ಪ್ರಶ್ನೆ. ಸಮಯ ಬದಲಾಗಲಿಲ್ಲ. ರಸ್ತೆ ಖಾಲಿಯಾಗಲಿ ಅಂತ ಎದ್ದ ಚರ್ಚೆಯಲ್ಲಿ ನಿದ್ದೆಯ ಮಾತು ಬಂದಿದ್ದು ಬರೀ ಆಕ್ಷೇಪಣೆಯಾಗಿ! ಪಕ್ಕದ ಮಹಾರಾಷ್ಟ್ರ ನಿದ್ದೆಯ ಕಾರಣ ಕೊಟ್ಟೇ 2024ರಲ್ಲಿ ಶಾಲೆ ಒಂಬತ್ತಕ್ಕಿಂತ ಮುಂಚೆ ಬೇಡ ಅಂದಿತು. ಅದೂ ನಾಲ್ಕನೇ ಕ್ಲಾಸಿನವರೆಗೆ ಮಾತ್ರ.

ನಮ್ಮ ಬೀದಿಯ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. “ಒಂಬತ್ತಕ್ಕೆ ಮಾಡಿದ್ರೆ ಬಸ್ಸು ಆಫೀಸ್ ಟ್ರಾಫಿಕ್ಕಲ್ಲಿ ಸಿಕ್ಕಾಕೊಳ್ಳುತ್ತೆ. ಸಂಜೆ ಮನೆಗೆ ಬರೋದೂ ಲೇಟು. ಟ್ಯೂಷನ್ ಯಾವಾಗ್ ಹೋಗ್ತಾನೆ?” ಅಂದರು. ಅಷ್ಟರಲ್ಲಿ ಬಸ್ಸು ಬಂತು. ಹುಡುಗ ಲೇಸ್ ಕಟ್ಟದೆಯೇ ಹತ್ತಿದ.