ಮರೆವಿನ ಕಾಯಿಲೆಗೆ ಔಷಧಿ: ನೂರು ವರ್ಷದ ಹುಡುಕಾಟದಲ್ಲಿ ಸಿಕ್ಕಿದ್ದೆಷ್ಟು?

ಅಲ್ಜೈಮರ್ಸ್‌ಗೆ ಕೊನೆಗೂ ಔಷಧಿ ಬಂತು ಅಂತ ಈಚೆಗೆ ಆಗಾಗ ಸುದ್ದಿ ಓದುತ್ತೇವೆ. ಬಂದಿರೋದು ನಿಜ. ಆದರೆ ಅದು ಎಷ್ಟು ಕೆಲಸ ಮಾಡುತ್ತದೆ ಅನ್ನೋದನ್ನು ಯಾರೂ ಬಿಡಿಸಿ ಹೇಳಲ್ಲ. ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುತ್ತಿರುವವರಿಗೆ ಅದು ಗೊತ್ತಾಗಲೇಬೇಕು, ಅಲ್ವಾ?

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬ ಹೆಂಗಸು ಸೇರಿದರು. ವಯಸ್ಸು 51. ಒಂದು ಮಧ್ಯಾಹ್ನ ಆಕೆ ಹೂಕೋಸು, ಹಂದಿಮಾಂಸ ಊಟ ಮಾಡುತ್ತಿದ್ದಾಗ, ಏನು ತಿನ್ನುತ್ತಿದ್ದೀರಿ ಅಂತ ಡಾಕ್ಟರ್ ಅಲೋಯಿಸ್ ಅಲ್ಜೈಮರ್ ಕೇಳಿದರು. ಪಾಲಕ್ ಅಂದರು ಆಕೆ. ಹೆಸರು ಬರೆಯಿರಿ ಅಂದರೆ ಅದೂ ಪೂರ್ತಿ ಆಗಲಿಲ್ಲ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅಲ್ಜೈಮರ್ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಏನೋ ಗಟ್ಟಿಯಾಗಿ ಕಟ್ಟಿಕೊಂಡಿತ್ತು, ಒಳಗೆ ಎಳೆಗಳು ಗಂಟು ಬಿದ್ದಿದ್ದವು. ಹೊರಗಿನದು ಅಮೈಲಾಯ್ಡ್, ಒಳಗಿನದು ಟೌ ಎಂಬ ಪ್ರೋಟೀನು ಅಂತ ಇವತ್ತು ಗೊತ್ತಿದೆ.

ಆಮೇಲೆ ಎಷ್ಟೋ ದಶಕ ದೊಡ್ಡದೇನೂ ಆಗಲಿಲ್ಲ. ಅರವತ್ತಕ್ಕೆ ಅರಳುಮರಳು ಅಂತ ಎಲ್ಲರೂ ಸುಮ್ಮನಿದ್ದರು.

1970ರ ದಶಕದಲ್ಲಿ ಒಂದು ಸುಳಿವು ಸಿಕ್ಕಿತು. ನೆನಪಿಗೆ ಬೇಕಾದ ಅಸಿಟೈಲ್‌ಕೊಲೈನ್ ಎಂಬ ರಾಸಾಯನಿಕ ಈ ರೋಗಿಗಳ ಮೆದುಳಲ್ಲಿ ತೀರಾ ಕಡಿಮೆಯಾಗಿರುತ್ತದೆ. ಹಾಗಾದರೆ ಇರುವಷ್ಟನ್ನು ಹಾಳಾಗದಂತೆ ಉಳಿಸೋಣ ಅಂತ ಹೊರಟಾಗ ಬಳಕೆಗೆ ಬಂದಿದ್ದೇ 1993ರ ಟ್ಯಾಕ್ರಿನ್ ಎಂಬ ಔಷಧಿ. ಅದು ಲಿವರ್‌ಗೆ ಪೆಟ್ಟು ಕೊಡುತ್ತಿತ್ತು. 1996ರಲ್ಲಿ ಬಂದ ಡೊನೆಪೆಜಿಲ್ ಇವತ್ತಿಗೂ ಡಾಕ್ಟರ ಚೀಟಿಯಲ್ಲಿದೆ. ಸ್ವಲ್ಪ ದಿನ ಸ್ವಲ್ಪ ಚುರುಕು ಕೊಡುತ್ತದೆ, ಅಷ್ಟೇ. ಸಾಯುತ್ತಿರುವ ನರಕೋಶವನ್ನು ಅದು ಉಳಿಸಲ್ಲ.

ಮೂಲಕ್ಕೇ ಕೈ ಹಾಕುವ ಯೋಚನೆ ಬಂದಿದ್ದು 1984ರ ನಂತರ. ವಿಜ್ಞಾನಿಗಳಾದ ಜಾರ್ಜ್ ಗ್ಲೆನ್ನರ್ ಮತ್ತು ಕೇನ್ ವಾಂಗ್ ಅಮೈಲಾಯ್ಡ್ ಅನ್ನು ಬೇರ್ಪಡಿಸಿ ಅದು ಎಂಥ ಪ್ರೋಟೀನು ಅಂತ ಗುರುತಿಸಿದರು. 1991ರಲ್ಲಿ, ಚಿಕ್ಕ ವಯಸ್ಸಿಗೇ ಮರೆವು ಬರುವ ಕುಟುಂಬಗಳಲ್ಲಿ ಆ ಪ್ರೋಟೀನಿನ ಜೀನೇ ಕೆಟ್ಟಿರೋದು ಸಿಕ್ಕಿತು. ಮರುವರ್ಷ ಜಾನ್ ಹಾರ್ಡಿ ಮತ್ತು ಜೆರಾಲ್ಡ್ ಹಿಗಿನ್ಸ್ ಬರೆದರು: ಅಮೈಲಾಯ್ಡ್ ಮೊದಲು, ಉಳಿದದ್ದೆಲ್ಲ ಅದರ ಹಿಂದೆ. ಔಷಧಿ ಕಂಪನಿಗಳು ಈ ಒಂದು ಮಾತಿನ ಬೆನ್ನು ಹತ್ತಿದವು.

ಸಾಲು ಸಾಲು ಸೋಲು. ಇಲಿಗಳಲ್ಲಿ ಅದ್ಭುತವಾಗಿ ಕೆಲಸ ಮಾಡಿದ, ಅಮೈಲಾಯ್ಡ್ ವಿರುದ್ಧದ ಲಸಿಕೆಯನ್ನು 2002ರಲ್ಲಿ ಮನುಷ್ಯರಲ್ಲಿ ನಿಲ್ಲಿಸಬೇಕಾಯಿತು, ಯಾಕಂದರೆ ಕೆಲವರಿಗೆ ಮೆದುಳಿನ ಉರಿಯೂತವೇ ಶುರುವಾಗಿತ್ತು. 2010ರಲ್ಲಿ ಸೆಮಗಾಸೆಸ್ಟಾಟ್ ಎಂಬ ಔಷಧಿ ತಗೊಂಡವರ ಸ್ಥಿತಿ ತಗೊಳ್ಳದವರಿಗಿಂತ ಜಾಸ್ತಿ ಹದಗೆಟ್ಟಿತು. 2012ರಲ್ಲಿ ಬಾಪಿನ್ಯೂಜುಮಾಬ್ ಕೈಕೊಟ್ಟಿತು. ಆಮೇಲೆ ನೋಡಿದರೆ, ಆ ಕಾಲದ ಟ್ರಯಲ್‌ಗಳಲ್ಲಿದ್ದ ಕೆಲವರ ಮೆದುಳಲ್ಲಿ ಅಮೈಲಾಯ್ಡೇ ಇರಲಿಲ್ಲ! ಬದುಕಿರುವವರ ಮೆದುಳಲ್ಲಿ ಅದನ್ನು ನೋಡುವ ಪೆಟ್ ಸ್ಕ್ಯಾನ್ 2004ರ ಹೊತ್ತಿಗಷ್ಟೇ ಬಂದಿತ್ತು.

ಆ ಸ್ಕ್ಯಾನ್ ಇನ್ನೊಂದು ಕಹಿ ಸತ್ಯವನ್ನೂ ತೋರಿಸಿತು. ಮರೆವು ಕಾಣಿಸೋಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಅಮೈಲಾಯ್ಡ್ ಕೂಡಿಕೊಳ್ಳೋಕೆ ಶುರುವಾಗಿರುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಇಷ್ಟು ದಿನ ಔಷಧಿ ಕೊಡುತ್ತಿದ್ದೆವು. ನನ್ನ ಪ್ರಕಾರ ಈ ಇಡೀ ಚರಿತ್ರೆಯ ತಿರುಳು ಇದೇ. ಔಷಧಿ ಯಾವುದು ಅನ್ನೋದರಷ್ಟೇ ಯಾವಾಗ ಕೊಡುತ್ತೇವೆ ಅನ್ನೋದೂ ಮುಖ್ಯ.

2021ರಲ್ಲಿ, ಔಷಧಿಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಅಮೈಲಾಯ್ಡ್ ತೆಗೆಯುವ ಅಡುಕಾನುಮಾಬ್‌ಗೆ ಒಪ್ಪಿಗೆ ಕೊಟ್ಟಿತು. ತನ್ನದೇ ತಜ್ಞರ ಸಮಿತಿ ಬೇಡ ಅಂದಿದ್ದರೂ ಕೊಟ್ಟಿತು. ಮೂವರು ತಜ್ಞರು ರಾಜೀನಾಮೆ ಕೊಟ್ಟು ಹೊರಬಂದರು. ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಬೇರೆ ದಾರಿ ಕಾಣದ ಕುಟುಂಬಗಳಿಗೆ ಸಾಕ್ಷ್ಯವಿಲ್ಲದ ಭರವಸೆ ಮಾರಬಾರದು. 2024ರ ಜನವರಿಯಲ್ಲಿ ಕಂಪನಿಯೇ ಅದನ್ನು ಕೈಬಿಡುತ್ತೇವೆ ಅಂತ ಹೇಳಿತು.

ಅಮೈಲಾಯ್ಡ್ ತೆಗೆಯುವ ಇನ್ನೊಂದು ಔಷಧಿ ಲೆಕಾನೆಮಾಬ್ ಕಥೆ ಬೇರೆ. ಕಾಯಿಲೆಯ ಆರಂಭದಲ್ಲಿದ್ದ 1,795 ಜನರ ಮೇಲೆ 18 ತಿಂಗಳು ಪರೀಕ್ಷೆ ನಡೆಯಿತು. ಎರಡು ವಾರಕ್ಕೊಮ್ಮೆ ಡ್ರಿಪ್. ಅಳತೆ ಹೇಗೆ ಅಂದರೆ, ನೆನಪು, ಸಮಯ ಮತ್ತು ಜಾಗದ ಅರಿವು, ವಿವೇಚನೆ, ಹೊರಗಿನ ವ್ಯವಹಾರ, ಮನೆಗೆಲಸ, ತನ್ನ ಸ್ನಾನ ಬಟ್ಟೆ ತಾನೇ ನೋಡಿಕೊಳ್ಳೋದು, ಈ ಆರಕ್ಕೂ ರೋಗಿಯನ್ನೂ ಮನೆಯವರನ್ನೂ ಕೇಳಿ ಅಂಕ ಹಾಕುತ್ತಾರೆ. ಒಟ್ಟು 18. ಅಂಕ ಏರಿದಷ್ಟೂ ಸ್ಥಿತಿ ಕೆಟ್ಟಿದೆ ಅಂತ. ಔಷಧಿಯಿಲ್ಲದ ಡ್ರಿಪ್ ಹಾಕಿಸಿಕೊಂಡವರದು ಸರಾಸರಿ 1.66 ಏರಿತು, ಔಷಧಿಯವರದು 1.21. ವ್ಯತ್ಯಾಸ 0.45. ಪೇಪರ್‌ಗಳಲ್ಲಿ ಬಂದ ಶೇ 27 ಇದೇ ಲೆಕ್ಕ.

ಅಂದರೆ ಕಾಯಿಲೆ ನಿಲ್ಲಲಿಲ್ಲ, ನಿಧಾನವಾಯಿತು. ಹೋದ ನೆನಪು ವಾಪಸ್ ಬರಲಿಲ್ಲ. ಮನೆಯವರ ಕಣ್ಣಿಗೆ ಇಷ್ಟು ವ್ಯತ್ಯಾಸ ಕಾಣುತ್ತದಾ ಅಂತ ವೈದ್ಯರಲ್ಲೇ ಜಗಳವಿದೆ. ಮೆದುಳಲ್ಲಿ ಊತ, ಸಣ್ಣ ರಕ್ತಸ್ರಾವದ ಅಪಾಯವೂ ಇದೆ, ಈ ಕಾಯಿಲೆಯ ಸಾಧ್ಯತೆ ಹೆಚ್ಚಿಸುವ ಎಪಿಒಇ4 ಜೀನ್ ಎರಡು ಪ್ರತಿ ಇರುವವರಿಗಂತೂ ಜಾಸ್ತಿ. ಅದಕ್ಕೇ ಪದೇ ಪದೇ ಎಂಆರ್‌ಐ. 2024ರಲ್ಲಿ ಒಪ್ಪಿಗೆ ಪಡೆದ ಡೊನಾನೆಮಾಬ್ ಕೂಡ ಇದೇ ಜಾತಿಯದು. ಇದನ್ನು ಸಣ್ಣದು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಈ ಕಾಯಿಲೆಯ ಓಟವನ್ನು ಔಷಧಿಯಿಂದ ತಗ್ಗಿಸಬಹುದು ಅಂತ ದೊಡ್ಡ ಟ್ರಯಲ್‌ನಲ್ಲಿ ಸ್ಪಷ್ಟವಾಗಿ ಕಂಡಿದ್ದು ಈಗಲೇ.

ಮುಂದಿನ ಪ್ರಯತ್ನ ಇನ್ನೂ ಬೇಗ ಶುರು ಮಾಡೋದು. ಪಿ-ಟೌ217 ಎಂಬ ಪ್ರೋಟೀನನ್ನು ರಕ್ತದಲ್ಲೇ ಅಳೆದರೆ ಮೆದುಳಲ್ಲಿ ಅಮೈಲಾಯ್ಡ್ ಇದೆಯೋ ಇಲ್ಲವೋ ಬಹುಮಟ್ಟಿಗೆ ಗೊತ್ತಾಗುತ್ತದೆ. ಮರೆವಿನ ಲಕ್ಷಣವೇ ಇಲ್ಲದ, ಆದರೆ ಮೆದುಳಲ್ಲಿ ಅಮೈಲಾಯ್ಡ್ ಕೂಡಿರುವ ಜನರಿಗೆ ಇವೇ ಔಷಧಿಗಳನ್ನು ಕೊಟ್ಟು ನೋಡುವ ಟ್ರಯಲ್‌ಗಳು ಶುರುವಾಗಿವೆ. ಟೌ ಗಂಟನ್ನೇ ತಡೆಯುವ ಔಷಧಿಗಳ ಪರೀಕ್ಷೆ ಬೇರೆಯಾಗಿ ನಡೆಯುತ್ತಿದೆ.